ಶಾಂಪೂ ಮತ್ತು ಬ್ರೈಟನ್ನಿನ ಹಬೆಸ್ನಾನ

ಪ್ರೀತಿಯ ತಂಗಿ,

'ಶಾಂಪೂ' ಕುರಿತ ನಿನ್ನ ಲೇಖನ ಓದಿದೆ. ಇಂಗ್ಲಿಷಿನ ಈ ಪದ ಹಿಂದಿಯ 'ಚಾಂಪೋ'ದಿಂದ ಬಂದದ್ದೆಂದು ತೋರಿಸಿ, ಅದು ನಮ್ಮದೆಂಬ ಹೆಮ್ಮೆಯಲ್ಲಿ ಮುಗಿಸಿದ್ದೀಯ. ಮೂಲ ಸರಿಯಾಗಿಯೇ ಇದೆ. ಆದರೆ ಓದುಗರು ಕೇಳುವ ಪ್ರಶ್ನೆಗೆ ನೀನು ಕೈಹಾಕಿಲ್ಲ. 'ಚಾಂಪೋ'ದ ಮೂಲ ಕ್ರಿಯಾಪದ 'ಚಾಂಪ್ನಾ' ಎಂದರೆ ಒತ್ತುವುದು, ಅದುಮುವುದು. ಅದರಲ್ಲಿ ನೀರೂ ಇಲ್ಲ, ಕೂದಲೂ ಇಲ್ಲ. ಹಾಗಾದರೆ ತಲೆ ತೊಳೆಯುವ ಅರ್ಥ ಎಲ್ಲಿಂದ ಬಂತು?

ಇಂಗ್ಲಿಷ್ ಬರಹದಲ್ಲಿ 1762ರಲ್ಲಿ ಕಾಣಿಸಿಕೊಂಡಾಗಲೂ ಇದರ ಅರ್ಥ ಮೈ ನೀವುವುದು ಎಂದೇ ಇತ್ತು. ಅದನ್ನು ಇಂಗ್ಲೆಂಡಿನಲ್ಲಿ ಮನೆಮಾತಾಗಿಸಿದ ದೀನ್ ಮಹಮ್ಮದ್‌ಗೆ ನೀನು ಅರ್ಧ ವಾಕ್ಯ ಕೊಟ್ಟಿದ್ದೀಯ. ದಯವಿಟ್ಟು ಅಲ್ಲಿ ನಿಂತು ಬರೆ. 1759ರಲ್ಲಿ ಪಟ್ನಾದಲ್ಲಿ ಹುಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಜೊತೆ ತಿರುಗಿ, 1784ರಲ್ಲಿ ಐರ್ಲೆಂಡಿಗೆ ಹೋದವನು ಆತ. 1794ರಲ್ಲಿ ತನ್ನ ಪ್ರವಾಸಕಥನವನ್ನು ಇಂಗ್ಲಿಷಿನಲ್ಲಿಯೇ ಪ್ರಕಟಿಸಿದ. 1810ರಲ್ಲಿ ಲಂಡನ್ನಿನಲ್ಲಿ ಭಾರತೀಯ ಊಟದ ಹೋಟೆಲು ತೆರೆದು ದಿವಾಳಿಯಾದ. ಆಮೇಲೆ ಇಂಗ್ಲೆಂಡಿನ ಬ್ರೈಟನ್ ಊರಿನ ಕಡಲತೀರದಲ್ಲಿ ಸ್ನಾನಗೃಹ ನಡೆಸಿದ. ಗಿಡಮೂಲಿಕೆಯ ಹಬೆ ತುಂಬಿದ ಫ್ಲಾನೆಲ್ ಬಟ್ಟೆಯ ಗುಡಾರದೊಳಗೆ ರೋಗಿ ಕುಳಿತಿರುತ್ತಿದ್ದ. ಹೊರಗೆ ನಿಂತವನು ಬಟ್ಟೆಯ ಕಂಡಿಗಳಲ್ಲಿ ತೋಳು ತೂರಿಸಿ ಅವನ ಕೈಕಾಲು ನೀವುತ್ತಿದ್ದ. ಆ ಕಾಲಕ್ಕೆ 'ಶಾಂಪೂ' ಎಂದರೆ ಇದೇ. ನಾಲ್ಕನೇ ಜಾರ್ಜ್ ದೊರೆಗೂ ಅವನ ನಂತರ ಬಂದ ನಾಲ್ಕನೇ ವಿಲಿಯಂಗೂ ಮಹಮ್ಮದನೇ ಈ ಚಿಕಿತ್ಸೆಯ ಅಧಿಕೃತ ವೈದ್ಯನಾಗಿದ್ದ. ಬಟ್ಟೆಯೊಳಗೆ ತೂರಿದ ಆ ಎರಡು ಕೈಗಳು ನಿನ್ನ ಲೇಖನದಲ್ಲಿ ಕಾಣಬೇಕು. ವ್ಯುತ್ಪತ್ತಿಯನ್ನು ಯಾವ ನಿಘಂಟು ಬೇಕಾದರೂ ಕೊಡುತ್ತದೆ.

ಹಬೆಯೂ ನೀವುವಿಕೆಯೂ ಇಲ್ಲಿ ಒಂದೇ ಕಡೆ ಸೇರಿವೆ. ಪದ ನೀರಿನ ಹತ್ತಿರ ಸರಿದದ್ದು ಇಂಥ ಸ್ನಾನಗೃಹಗಳಲ್ಲಿಯೇ ಎಂದು ನನಗೆ ತೋರುತ್ತದೆ. 1860ರ ಸುಮಾರಿಗೆ ಅದು ತಲೆ ಉಜ್ಜಿ ತೊಳೆಯುವುದಕ್ಕೆ ಸಲ್ಲತೊಡಗಿತು. ಬಳಿಕ ತೊಳೆಯುವ ಸಾಬೂನಿಗೂ ಅದೇ ಹೆಸರಾಯಿತು. ಇಪ್ಪತ್ತನೇ ಶತಮಾನದಲ್ಲಿ ನೆಲದ ಕಾರ್ಪೆಟ್ಟಿಗೂ ಶಾಂಪೂ ಮಾಡುವ ಕಾಲ ಬಂತು. ಒತ್ತುವುದು ಪೂರ್ತಿ ಮರೆತು ತೊಳೆಯುವುದಷ್ಟೇ ಉಳಿಯಿತು.

ಕನ್ನಡ ಓದುಗರಿಗೆ ಈ ಸರಿದಾಟವನ್ನು ವಿವರಿಸಲು ನಮ್ಮ ಎಣ್ಣೆಸ್ನಾನ ಸಾಕು. ನೆತ್ತಿಗೆ ಎಣ್ಣೆ ತಟ್ಟುವುದು, ಮೈ ತಿಕ್ಕುವುದು, ಸೀಗೆಪುಡಿಯಲ್ಲಿ ತೊಳೆಯುವುದು ನಮ್ಮಲ್ಲಿ ಒಂದೇ ಕೆಲಸವಲ್ಲವೇ? ಹೆಮ್ಮೆಯ ಆ ಕೊನೆಯ ಪ್ಯಾರಾ ತೆಗೆದು ಅಲ್ಲಿ ಇದನ್ನು ಬರೆ. ತಿದ್ದಿದ ಪ್ರತಿಯನ್ನು ನನಗೆ ಕಳುಹಿಸು.

ನಿನ್ನ ಅಕ್ಕ