ಎಕ್ಸ್‌ರೇ ವೇಳೆ ಇನ್ನು ಸೀಸದ ಏಪ್ರನ್ ಹೊದಿಸುವುದಿಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳಿನಿಂದ ನಮ್ಮ ಕೇಂದ್ರದಲ್ಲಿ ಎಕ್ಸ್‌ರೇ ತೆಗೆಸಿಕೊಳ್ಳುವವರ ಹೊಟ್ಟೆ, ಸೊಂಟದ ಮೇಲೆ, ಕಿರಣ ತಗಲದಿರಲೆಂದು ಸೀಸದ ಏಪ್ರನ್ ಹೊದಿಸುವುದನ್ನು ನಿಲ್ಲಿಸುತ್ತಿದ್ದೇವೆ. ಇದು ಖರ್ಚು ಉಳಿಸುವ ಉಪಾಯವಲ್ಲ. ಏಪ್ರನ್‌ಗಳು ಇಲ್ಲೇ ಇವೆ, ಸುಸ್ಥಿತಿಯಲ್ಲೇ ಇವೆ. ಬಹಳ ಕಾಲದಿಂದ ಬರುತ್ತಿರುವವರಿಗೆ, ಅದರಲ್ಲೂ ಮಕ್ಕಳನ್ನು ಕರೆತರುವ ತಂದೆತಾಯಿಗಳಿಗೆ, ಇದರಿಂದ ಕಸಿವಿಸಿಯಾಗಬಹುದು. ಇಷ್ಟು ದಿನ ಬೇಕಾಗಿದ್ದದ್ದು ಈಗ ಏಕೆ ಬೇಡ ಎಂದು ನೀವು ಕೇಳುವುದು ನ್ಯಾಯವೇ. ಅದಕ್ಕೇ ಪತ್ರ ತುಸು ಉದ್ದವಾಗಿದೆ.

ಈ ಪದ್ಧತಿ ಬೇರೂರಿದ್ದು 1950ರ ದಶಕದಲ್ಲಿ. ಎಕ್ಸ್‌ಕಿರಣ ಬಿದ್ದ ಹಣ್ಣುನೊಣಗಳ ವಂಶವಾಹಿಗಳು ಬದಲಾಗುವುದನ್ನು ಅಮೆರಿಕದ ವಿಜ್ಞಾನಿ ಹರ್ಮನ್ ಮುಲ್ಲರ್ 1927ರಲ್ಲೇ ತೋರಿಸಿದ್ದರು. ಮನುಷ್ಯರಲ್ಲೂ ಅಂಡಾಶಯ, ವೃಷಣಗಳಿಗೆ ತಗಲಿದ ಹಾನಿ ಮುಂದಿನ ಪೀಳಿಗೆಗೆ ದಾಟೀತೆಂಬ ಅಂಜಿಕೆ ಆಗ ಸಹಜವಾಗಿತ್ತು. ಆದರೆ ಹಿರೋಷಿಮಾ, ನಾಗಾಸಾಕಿಗಳಲ್ಲಿ ಅಣುಬಾಂಬಿನಿಂದ ಬದುಕುಳಿದವರಿಗೆ ಆಮೇಲೆ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಗಮನಿಸಿದರೂ ಅಂಥ ಆನುವಂಶಿಕ ಹಾನಿ ಸ್ಪಷ್ಟವಾಗಿ ಕಾಣಲಿಲ್ಲ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು ಒಟ್ಟು ಅಪಾಯವನ್ನು ಲೆಕ್ಕ ಹಾಕುವಾಗ ಈ ಅಂಗಗಳಿಗೆ 1977ರಲ್ಲಿ ಕೊಟ್ಟಿದ್ದ ಪಾಲು, ಒಟ್ಟನ್ನು 1 ಎಂದಿಟ್ಟುಕೊಂಡರೆ, 0.25. ಅದು 1990ರಲ್ಲಿ 0.20ಕ್ಕೆ, 2007ರಲ್ಲಿ 0.08ಕ್ಕೆ ಇಳಿಯಿತು. ಇತ್ತ ಯಂತ್ರಗಳೂ ಸುಧಾರಿಸಿವೆ. 1950ರ ದಶಕಕ್ಕೆ ಹೋಲಿಸಿದರೆ ಸೊಂಟದ ಭಾಗದ ಅಂಗಗಳಿಗೆ ತಗಲುವ ಡೋಸ್, ಅಂದರೆ ವಿಕಿರಣದ ಪ್ರಮಾಣ, ಬಹುಪಾಲು ತಗ್ಗಿದೆ.

ಹಾಗಾದರೂ ಹೊದಿಸಿದರೆ ನಷ್ಟವೇನು ಎನ್ನಬಹುದು. ನಷ್ಟವಿದೆ. ಈಗಿನ ಹೆಚ್ಚಿನ ಯಂತ್ರಗಳಲ್ಲಿ ದೇಹದ ಹಿಂದೆ ಒಂದು ಸಂವೇದಕವಿರುತ್ತದೆ. ಚಿತ್ರಕ್ಕೆ ಬೇಕಾದಷ್ಟು ಕಿರಣ ತಲುಪಿದ ಕೂಡಲೇ ಅದು ಯಂತ್ರವನ್ನು ನಿಲ್ಲಿಸುತ್ತದೆ. ಆ ಸಂವೇದಕಕ್ಕೆ ಸೀಸ ಅಡ್ಡ ಬಂದರೆ ಕಿರಣ ಸಾಲದೆಂದು ತಿಳಿದು ಯಂತ್ರ ಇನ್ನಷ್ಟು ಹೊತ್ತು ಓಡುತ್ತದೆ. ಏಪ್ರನ್ ಯಾರ ರಕ್ಷಣೆಗೆಂದು ಇತ್ತೋ ಅವರಿಗೇ ಡೋಸ್ ಹೆಚ್ಚುತ್ತದೆ. ಇನ್ನು ಏಪ್ರನ್ ಸ್ವಲ್ಪ ಜಾರಿದರೂ ಸೊಂಟದ ಮೂಳೆಯ ಅಂಚು ಮುಚ್ಚಿಹೋಗಿ, ವೈದ್ಯರು ನೋಡಬೇಕಾದ ಜಾಗವೇ ಕಾಣದೆ ಮತ್ತೊಮ್ಮೆ ಚಿತ್ರ ತೆಗೆಯಬೇಕಾಗುತ್ತದೆ. ಅಂಡಾಶಯಗಳಂತೂ ಎಲ್ಲರಲ್ಲೂ ಒಂದೇ ಜಾಗದಲ್ಲಿ ಇರುವುದಿಲ್ಲ, ಹೊರಗಿನಿಂದ ಅಂದಾಜಿನಲ್ಲಿ ಮುಚ್ಚಿದರೆ ಗುರಿ ತಪ್ಪುವುದೇ ಹೆಚ್ಚು. ಎದೆಯ ಎಕ್ಸ್‌ರೇ ತೆಗೆಯುವಾಗ ಹೊಟ್ಟೆಯನ್ನು ಮುಟ್ಟುವ ಅಲ್ಪಸ್ವಲ್ಪ ಕಿರಣವೂ ಮುಖ್ಯವಾಗಿ ದೇಹದ ಒಳಗೇ ಚದುರಿ ಬಂದದ್ದು. ಅದಕ್ಕೆ ಮೇಲಿನಿಂದ ಏಪ್ರನ್ ಹೊದಿಸುವುದೆಂದರೆ ಒಲೆಯ ಹೊಗೆ ಮನೆಯೊಳಗೇ ಏಳುತ್ತಿರುವಾಗ ಹೊರಗಿನಿಂದ ಕಿಟಕಿ ಮುಚ್ಚಿದಂತೆ.

ಇದು ನಮ್ಮ ಸ್ವಂತ ಕಲ್ಪನೆಯಲ್ಲ. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2019ರಲ್ಲಿ, ಅಲ್ಲಿನ ವಿಕಿರಣ ರಕ್ಷಣೆ ಮತ್ತು ಮಾಪನ ಮಂಡಳಿ 2021ರಲ್ಲಿ ಏಪ್ರನ್ ಹೊದಿಸುವ ರೂಢಿ ಬಿಡಬೇಕೆಂದೇ ಹೇಳಿದವು. ಹಲ್ಲಿನ ಎಕ್ಸ್‌ರೇಗೂ ಏಪ್ರನ್, ಕುತ್ತಿಗೆಪಟ್ಟಿ ಬೇಡವೆಂದು ಅಮೆರಿಕದ ದಂತವೈದ್ಯರ ಸಂಘ 2024ರಲ್ಲಿ ಹೇಳಿತು.

ಹಾಗೆಂದು ವಿಕಿರಣ ನಿರಪಾಯಕಾರಿ ಎಂದು ನಾವು ಹೇಳುತ್ತಿಲ್ಲ. ಬಾಂಬಿನಿಂದ ಬದುಕುಳಿದವರಲ್ಲೇ ಕ್ಯಾನ್ಸರ್ ಹೆಚ್ಚಿದ್ದು ದಾಖಲಾಗಿದೆ. ಡೋಸ್ ಎಷ್ಟೇ ಚಿಕ್ಕದಿದ್ದರೂ ಅದಕ್ಕೆ ತಕ್ಕಷ್ಟು ಅಪಾಯ ಇದ್ದೇ ಇದೆ ಎಂದು ಇಟ್ಟುಕೊಂಡೇ ಸುರಕ್ಷತೆಯ ನಿಯಮಗಳನ್ನು ರೂಪಿಸಿದ್ದಾರೆ. ಪ್ರಮಾಣ ತಿಳಿಯಲು ಹೇಳುವುದಾದರೆ, ಮಣ್ಣು, ಗಾಳಿ, ಆಕಾಶದಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ) ವಿಕಿರಣ ತಗಲುತ್ತದೆ. ಎದೆಯ ಒಂದು ಎಕ್ಸ್‌ರೇ ಸುಮಾರು 0.02, ಅಂದರೆ ಮೂರು ದಿನದ ಪಾಲು. ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಹಾಗಲ್ಲ, ಅದು 8ರ ಆಸುಪಾಸು. ಎಕ್ಸ್‌ರೇಗೆ ಹೆದರಿ, "ಯಾವುದಕ್ಕೂ ಇರಲಿ" ಎಂದು ಸಿ.ಟಿ. ಕೇಳುವವರನ್ನು ಕಂಡರೆ ನಮಗೆ ಸೋಜಿಗ.

ನಮ್ಮ ಟೆಕ್ನಿಷಿಯನ್ ಮಾತ್ರ ಗೋಡೆಯ ಹಿಂದೆ ನಿಲ್ಲುವುದೇಕೆ, ಅಗತ್ಯ ಬಿದ್ದಾಗ ಏಪ್ರನ್ ತೊಡುವುದೇಕೆ ಎಂಬ ಪ್ರಶ್ನೆಯೂ ಬರುತ್ತದೆ. ನಿಮಗೆ ಒಂದು ಚಿತ್ರ. ಅವರಿಗೆ ದಿನವಿಡೀ, ವರ್ಷವಿಡೀ ಅದೇ ಕೆಲಸ. ಚಿತ್ರದಿಂದ ಅವರ ಆರೋಗ್ಯಕ್ಕೆ ಲಾಭವೂ ಇಲ್ಲ. ಹಾಗಾಗಿ ಸಿಬ್ಬಂದಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಎಂಬ ಮಿತಿಯನ್ನು ಮೇಲೆ ಹೇಳಿದ ಅಂತರರಾಷ್ಟ್ರೀಯ ಆಯೋಗ ಹೇಳಿದೆ. ಅವರ ಎದೆಯ ಮೇಲಿನ ಬ್ಯಾಡ್ಜ್ ಇರುವುದು ಅವರಿಗೆ ತಗಲಿದ ಡೋಸ್ ಅಳೆಯಲು. ರೋಗಿಗೆ ಅಂಥ ಮಿತಿಯಿಲ್ಲ. ಬದಲಿಗೆ ಎರಡು ಕಟ್ಟುಪಾಡುಗಳಿವೆ: ಚಿತ್ರ ನಿಜಕ್ಕೂ ಬೇಕಾಗಿರಬೇಕು, ಬೇಕಾದಷ್ಟೇ ಕಿರಣ ಬಳಸಬೇಕು. ಕಿರಣ ಬೀಳುವ ಜಾಗವನ್ನು ಬೇಕಾದ ಅಳತೆಗೆ ಕಿರಿದಾಗಿಸುವುದು, ಮಕ್ಕಳಿಗೆ ಅವರ ಮೈಕಟ್ಟಿಗೆ ತಕ್ಕಂತೆ ಯಂತ್ರವನ್ನು ಹೊಂದಿಸುವುದು ಏಪ್ರನ್‌ಗಿಂತ ಎಷ್ಟೋ ಹೆಚ್ಚಿನ ರಕ್ಷಣೆ. ಈ ಕೆಲಸ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಏಪ್ರನ್ ಕಾಣುತ್ತಿತ್ತು, ಅದಕ್ಕೇ ಅದರ ಮೇಲೆ ಅಷ್ಟು ನಂಬಿಕೆ.

ಮಗುವನ್ನು ಹಿಡಿದುಕೊಂಡು ನಿಲ್ಲುವ ತಂದೆ, ತಾಯಿ ಅಥವಾ ಬಂಧುವಿಗೆ ಏಪ್ರನ್ ಕೊಡುವುದು ಮುಂದುವರಿಯುತ್ತದೆ. ಬಸುರಿಯಾಗಿದ್ದರೆ, ಅಥವಾ ಅಂಥ ಸಂದೇಹವಿದ್ದರೂ, ಕೊಠಡಿಗೆ ಹೋಗುವ ಮೊದಲೇ ತಪ್ಪದೆ ತಿಳಿಸಿ. ಕೈ, ಕಾಲು, ಎದೆಯ ಚಿತ್ರಗಳಲ್ಲಿ ಏಪ್ರನ್ ಇಲ್ಲದೆ ಮನಸ್ಸು ಒಪ್ಪುವುದೇ ಇಲ್ಲ ಎನ್ನುವವರಿಗೆ, ಚಿತ್ರಕ್ಕೆ ಅಡ್ಡಿಯಾಗದಂತಿದ್ದರೆ ಹೊದಿಸುತ್ತೇವೆ. ಅದು ಸಮಾಧಾನಕ್ಕಷ್ಟೇ ಎಂದು ಹೇಳಿಯೇ ಹೊದಿಸುತ್ತೇವೆ. ಹೊಟ್ಟೆ, ಸೊಂಟದ ಚಿತ್ರಗಳಿಗೆ ಮಾತ್ರ ಆಗುವುದಿಲ್ಲ.

ಬರುವಾಗ ಹಳೆಯ ಫಿಲಂ, ಸಿ.ಡಿ. ಇದ್ದರೆ ದಯವಿಟ್ಟು ತನ್ನಿ. ಅದರಲ್ಲೇ ಉತ್ತರವಿದ್ದರೆ ಹೊಸ ಚಿತ್ರ ಬೇಕಾಗದೆ ಇರಬಹುದು. ಅದನ್ನು ನಿಮ್ಮ ವೈದ್ಯರೊಂದಿಗೆ ನಾವೇ ಮಾತಾಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ಕೇಂದ್ರದ ವ್ಯವಸ್ಥಾಪಕರು