ಡಾಕ್ಟರಿಗೆ ಹೇಳಿದ ಎರಡು ಸುಳ್ಳು

ಪ್ರೀತಿಯ ದೋಸ್ತ,

ಜಾತ್ರೆ ಮುಗಿಯಿತು. ಈ ಸಲವೂ ನೀನು ಬರಲಿಲ್ಲ. ಸಿದ್ಧೇಶ್ವರ ಗುಡಿ ಮುಂದೆ ನಿಂತು ಫೋನ್ ಮಾಡಿದೆ. ಗದ್ದಲದಲ್ಲಿ "ಆಮ್ಯಾಲ ಮಾಡ್ತೀನಿ" ಅನ್ನೋದಷ್ಟೇ ಕೇಳಿಸಿತು. ನೀನು ಮಾಡಲಿಲ್ಲ, ನಾನು ಬರೆಯುತ್ತಿದ್ದೇನೆ. ನಮ್ಮ ಜಿಮ್ಮಿನ ಹುಡುಗರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಹೆದರಬೇಡ, ಬನಿಯನ್ ಕಥೆ ಹೇಳುವುದಿಲ್ಲ. ಹದಿನಾಲ್ಕು ಮೊಟ್ಟೆಯದೂ ಹೇಳುವುದಿಲ್ಲ.

ಭಾರ ಎತ್ತುವ ಸ್ಪರ್ಧೆ ನೋಡಲು ಹೋಗಿದ್ದೆ. ಕಾಲೇಜಿನಲ್ಲಿದ್ದಾಗ ನಾವಿಬ್ಬರೂ ಮಂದಿಯನ್ನು ತಳ್ಳಿಕೊಂಡು ಮುಂದೆ ಹೋಗಿ ನಿಲ್ಲುತ್ತಿದ್ದೆವಲ್ಲ, ಹಾಗೇ ನಿಂತೆ. ಹಳ್ಳಿ ಹುಡುಗ, ಅಂಥ ದೊಡ್ಡ ಮೈಯೇನೂ ಇಲ್ಲ. ಕಲ್ಲನ್ನು ತೊಡೆ ಮೇಲೆ ತಂದುಕೊಂಡು, ಒಂದು ಉಸಿರು ಬಿಟ್ಟು, ಹೆಗಲಿಗೆ ಹಾಕಿಕೊಂಡ. ಹಲಗಿ ಶುರುವಾಯಿತು. ಪಕ್ಕದಲ್ಲಿದ್ದ ನಮ್ಮ ಜಿಮ್ಮಿನ ಹುಡುಗ "ಅಣ್ಣಾ, ನೀವೂ ಒಮ್ಮೆ ಹಿಡೀರಲಾ" ಅಂದ. ಬೆನ್ನುನೋವು ಅಂದೆ. ಬೆನ್ನುನೋವಲ್ಲ. ಎರಡು ತಿಂಗಳಿಂದ ಭಾರ ಎತ್ತಬಾರದು ಅಂತ ಡಾಕ್ಟರು ಹೇಳಿದ್ದಾರೆ. ನನ್ನ ಹೃದಯ ಸೋತಿದೆ.

ನವೆಂಬರಿನಲ್ಲಿ ರಾಜ್ಯೋತ್ಸವದ ಶಿಬಿರಕ್ಕೆ ರಕ್ತ ಕೊಡಲು ಹೋಗಿದ್ದೆ. ಬೆರಳು ಚುಚ್ಚಿ ನೋಡಿದ ಹುಡುಗಿ ಇನ್ನೊಂದು ಬೆರಳು ಕೇಳಿದಳು. ಹಿಮೋಗ್ಲೋಬಿನ್ 19.4. "ಸರ್, ನಿಮ್ಮ ರಕ್ತ ಭಾಳ ದಪ್ಪ ಐತಿ, ಡಾಕ್ಟರಿಗೆ ತೋರಸ್ರಿ" ಅಂದಳು. ಆ ಹೊತ್ತಿಗೆ ನನಗೆ ಹೆಮ್ಮೆಯೇ ಅನಿಸಿತು. ರಕ್ತ ಜಾಸ್ತಿ ಇದ್ದರೆ ಶಕ್ತಿ ಜಾಸ್ತಿ ಅಂತಲ್ವಾ ನಾವು ತಿಳಿದುಕೊಂಡದ್ದು?

ಮರುವಾರ ಲ್ಯಾಬಿನಲ್ಲಿ ಪೂರ್ತಿ ಪರೀಕ್ಷೆ ಮಾಡಿಸಿದೆ. ಹಿಮಟೋಕ್ರಿಟ್ 58 ಬಂತು. ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅಂತ ಹೇಳುವ ಲೆಕ್ಕ ಅದು. ಗಂಡಸರಲ್ಲಿ ನೂರಕ್ಕೆ 40ರಿಂದ 50ರ ಆಸುಪಾಸು ಇರುತ್ತದೆ. ನನ್ನ ಹಾಗೆ ಟೆಸ್ಟೋಸ್ಟೆರಾನ್ ಅನ್ನುವ ಗಂಡಸಿನ ಹಾರ್ಮೋನಿನ ಚಿಕಿತ್ಸೆ ತಗೊಳ್ಳುವವರಿಗೆ 54 ದಾಟಿದರೆ ಇಂಜೆಕ್ಷನ್ ನಿಲ್ಲಿಸಿ, ಅದು ಇಳಿಯುವವರೆಗೆ ಕಾಯುತ್ತಾರೆ. ರಕ್ತ ಅಷ್ಟು ಮಂದವಾದರೆ ಹೆಪ್ಪುಗಟ್ಟುವ ಭಯ. ಒಳ್ಳೆಯ ಕೊಬ್ಬು ಅನ್ನುವ ಎಚ್‌ಡಿಎಲ್ 40ರ ಮೇಲಿರಬೇಕು, ನನ್ನದು 19. ಟೆಸ್ಟೋಸ್ಟೆರಾನ್ ಸಾಮಾನ್ಯವಾಗಿ 300ರಿಂದ 1000ದ ಒಳಗೆ ಇರುತ್ತದೆ. ನನ್ನದು 2300.

ಡಾಕ್ಟರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. "ನಾ ಬರೆದುಕೊಟ್ಟಿದ್ದು ಮೂರು ವಾರಕ್ಕೊಂದು. ನೀವು ಎಷ್ಟು ಹಾಕ್ಕೊಳ್ಳಾಕತ್ತೀರಿ?"

ನಿನಗೂ ನಾನು ನಿಜ ಹೇಳಿಲ್ಲ. 2021ರಲ್ಲಿ ಟಿಆರ್‌ಟಿ, ಅಂದರೆ ಕಡಿಮೆಯಾದ ಟೆಸ್ಟೋಸ್ಟೆರಾನ್ ತುಂಬುವ ಚಿಕಿತ್ಸೆ, ಶುರು ಮಾಡಿದಾಗ ನಿನಗೆ ಫೋನ್ ಮಾಡಿ "ಹಳೇದೆಲ್ಲ ಬಿಟ್ಟೆ, ಈಗ ಡಾಕ್ಟರ್ ಕೊಟ್ಟದ್ದಷ್ಟೇ" ಅಂದಿದ್ದೆ. ನೀನು ಖುಷಿಪಟ್ಟಿದ್ದೆ. ನಾನು ಬಿಟ್ಟದ್ದು ಏಳು ತಿಂಗಳು ಮಾತ್ರ. ಆಮೇಲೆ ಮೂರು ವಾರದ ಔಷಧ ಮೂರು ದಿನಕ್ಕೆ ಬಂತು. ಅದರ ಮೇಲೆ ಡೆಕಾ ಅನ್ನುವ ಮೈ ಬೆಳೆಸುವ ಸ್ಟೀರಾಯ್ಡ್. ಬೇಸಿಗೆಯಲ್ಲಿ ಟ್ರೆನ್ ಅನ್ನುವ ಇನ್ನೊಂದು. ಜಿಮ್ಮಿನ ಭಾಷೆಯಲ್ಲಿ ಜಾಸ್ತಿ ಡೋಸಿನ ದಿನಗಳಿಗೆ ಬ್ಲಾಸ್ಟ್, ನಡುವಿನ ಕಡಿಮೆ ಡೋಸಿಗೆ ಕ್ರೂಸ್, ಔಷಧದ ಒಂದು ಸುತ್ತಿಗೆ ಸೈಕಲ್ ಅಂತಾರಲ್ಲ, ಡಾಕ್ಟರ ಚೀಟಿ ನನಗೆ ಕ್ರೂಸ್ ಆಗಿಬಿಟ್ಟಿತು. ಮನೆಯಲ್ಲಿ ಸಿರಿಂಜ್ ಕಂಡರೆ "ಟ್ರೀಟ್‌ಮೆಂಟ್" ಅನ್ನುತ್ತಿದ್ದೆ. ಯಾರೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಚಿಕಿತ್ಸೆ ಅನ್ನುವ ಒಂದು ಮಾತಿನ ಹಿಂದೆ ನಾಲ್ಕು ವರ್ಷ ಅಡಗಿ ಕೂತಿದ್ದೆ.

ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದರು. ಹೃದಯದ ಎಡಗಡೆ ಕೆಳಗಿನ ಕೋಣೆಯ ಗೋಡೆ ದಪ್ಪಗಾಗಿದೆ. ಆ ಕೋಣೆ ಪ್ರತಿ ಬಡಿತಕ್ಕೆ ತನ್ನಲ್ಲಿದ್ದ ರಕ್ತದಲ್ಲಿ ನೂರಕ್ಕೆ 55ರ ಮೇಲೆ ಹೊರಗೆ ತಳ್ಳಬೇಕು. ನನ್ನದು 46. ತೋಳಿನ ಸ್ನಾಯು ಬೆಳೆದಾಗ ಕನ್ನಡಿ ಮುಂದೆ ನಿಂತು ನೋಡಿದೆವು. ಒಳಗಿನ ಈ ಸ್ನಾಯುವೂ ಅದೇ ಔಷಧ ಕುಡಿದು ಬೆಳೆಯುತ್ತಿತ್ತು, ಅದನ್ನು ನೋಡುವ ಕನ್ನಡಿ ನಮ್ಮ ಹತ್ತಿರ ಇರಲಿಲ್ಲ.

ಆ ರಾತ್ರಿ ಕೂತು ಓದಿದೆ. 2017ರಲ್ಲಿ ಅಮೆರಿಕದ ವೈದ್ಯರು ಭಾರ ಎತ್ತುವ 140 ಗಂಡಸರ ಹೃದಯ ಪರೀಕ್ಷೆ ಮಾಡಿದ್ದರು. 86 ಜನ ವರ್ಷಗಟ್ಟಲೆ ಸ್ಟೀರಾಯ್ಡ್ ತಗೊಂಡವರು, 54 ಜನ ತಗೊಳ್ಳದವರು. ಹೃದಯ ಹೊರಗೆ ತಳ್ಳುವ ರಕ್ತದ ಅದೇ ಲೆಕ್ಕದಲ್ಲಿ ತಗೊಂಡವರ ಸರಾಸರಿ 52, ತಗೊಳ್ಳದವರದು 63. ಪರೀಕ್ಷೆಯ ಹೊತ್ತಿಗೆ ಇನ್ನೂ ಔಷಧದ ಮೇಲಿದ್ದವರದು 49, ಬಿಟ್ಟವರದು 58. ಈ ಕೊನೆಯ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದು ಪಾಕೀಟಿನಲ್ಲಿ ಇಟ್ಟುಕೊಂಡಿದ್ದೇನೆ. 46ರಿಂದ 58. ಆಗುತ್ತದೋ ಇಲ್ಲವೋ, ದಿನಾ ಒಮ್ಮೆ ತೆಗೆದು ನೋಡುತ್ತೇನೆ.

ಇನ್ನೊಂದು ಅಧ್ಯಯನ 2023ರದು. ಅದನ್ನು ಹುಡುಗರಿಗೆ ತೋರಿಸಿ "ಏನೂ ಆಗಲ್ಲ" ಅಂದವನು ನಾನೇ. ಐದು ಸಾವಿರಕ್ಕೂ ಜಾಸ್ತಿ ಗಂಡಸರು, 45ರಿಂದ 80 ವಯಸ್ಸು, ಹೃದಯದ ತೊಂದರೆ ಇದ್ದವರು ಅಥವಾ ಬರುವ ಸಾಧ್ಯತೆ ಜಾಸ್ತಿ ಇದ್ದವರು. ಟೆಸ್ಟೋಸ್ಟೆರಾನ್ ಕೊಟ್ಟರೆ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ ಅಂತ ಅದರಲ್ಲಿದೆ, ಸುಳ್ಳಲ್ಲ. ಆದರೆ ಅವರಿಗೆಲ್ಲ ಟೆಸ್ಟೋಸ್ಟೆರಾನ್ ನಿಜಕ್ಕೂ ಕಡಿಮೆ ಇತ್ತು. ಕೊಟ್ಟದ್ದು ಮೈಗೆ ಹಚ್ಚುವ ಜೆಲ್, ಅದೂ ಮಟ್ಟವನ್ನು 350ರಿಂದ 750ರ ಒಳಗೆ ಇಡುವಷ್ಟು. ಅಷ್ಟಕ್ಕೇ ಕೆಲವರಲ್ಲಿ ಹೃದಯದ ಬಡಿತ ತಪ್ಪುವುದು, ಶ್ವಾಸಕೋಶಕ್ಕೆ ರಕ್ತದ ಗಡ್ಡೆ ಹೋಗುವುದು ಸ್ವಲ್ಪ ಜಾಸ್ತಿ ಕಂಡಿತ್ತು. ಆ ಭಾಗ ನಾನು ಹುಡುಗರಿಗೆ ಓದಿ ಹೇಳಲಿಲ್ಲ. 2300 ಇಟ್ಟುಕೊಂಡವನು 500ರ ಲೆಕ್ಕ ತೋರಿಸುತ್ತಿದ್ದೆ.

(ದಮ್ಮಿಗೆ ಕೊಡುವ ಸ್ಟೀರಾಯ್ಡ್ ಬೇರೆ, ಇದು ಬೇರೆ. ಅಮ್ಮನ ಪಂಪ್ ನಿಲ್ಲಿಸಬೇಡ. ಇಲ್ಲಿ ಓದುವವರೂ ಯಾರೂ ನಿಲ್ಲಿಸಬೇಡಿ.)

ಮೊದಲ ಸೂಜಿ ನೆನಪಿದೆಯಾ? 2012, ನಿನ್ನ ರೂಮು. ಕೈ ನಡುಗುತ್ತೆ ಅಂದೆ ನೀನು, ನಾನೇ ಚುಚ್ಚಿದೆ. ಆರು ತಿಂಗಳಿಗೆ ನಿನ್ನ ಎದೆಯಲ್ಲಿ ಗಡ್ಡೆ ಕಟ್ಟಿತು. ಟೆಸ್ಟೋಸ್ಟೆರಾನ್ ಜಾಸ್ತಿಯಾದರೆ ದೇಹ ಅದರಲ್ಲಿ ಸ್ವಲ್ಪವನ್ನು ಹೆಣ್ಣಿನ ಹಾರ್ಮೋನು ಮಾಡುತ್ತದೆ ಅಂತ ಆಗ ನಮಗೆ ಗೊತ್ತಿರಲಿಲ್ಲ. ನೀನು ಪುಣೆಯಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದೆ, ಬಿಟ್ಟೆ. ನಾವೆಲ್ಲ ನಕ್ಕೆವು. ದೋಸ್ತ, ಅವತ್ತು ನಕ್ಕಿದ್ದಕ್ಕೆ ನನ್ನನ್ನು ಕ್ಷಮಿಸು. ಚುಚ್ಚಿದ್ದಕ್ಕೂ.

ಇಲ್ಲಿಗೆ ಮುಗಿಸಬೇಕು ಅಂತಿದ್ದೆ. ರಕ್ತದ ವಿಷಯ, ಹೃದಯದ ವಿಷಯ ಬರೆದರೆ ಸಾಕು ಅಂತಿದ್ದೆ. ಆದರೆ ಶೀರ್ಷಿಕೆ ಮೊದಲೇ ಬರೆದುಬಿಟ್ಟಿದ್ದೇನೆ.

ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಸುಮ್ಮನಾಗುತ್ತದೆ. ಬೇಕಾದಷ್ಟಿದೆ ಅಂದುಕೊಂಡು, ವೃಷಣಗಳಿಗೆ ಕೆಲಸ ಹೇಳುವ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನುವ ಹಾರ್ಮೋನುಗಳನ್ನು ಕಳಿಸುವುದು ನಿಲ್ಲಿಸುತ್ತದೆ. ಕೆಲಸ ಇಲ್ಲದ ವೃಷಣ ಸಣ್ಣಗಾಗುತ್ತದೆ. ವೀರ್ಯಾಣು ಕಡಿಮೆಯಾಗುತ್ತವೆ, ಕೆಲವರಲ್ಲಿ ಪೂರ್ತಿ ನಿಲ್ಲುತ್ತವೆ. ಔಷಧ ಬಿಟ್ಟ ಮೇಲೆ ತಿಂಗಳುಗಳು ಬೇಕು, ವರ್ಷದ ಮೇಲೂ ಬೇಕು. ಕೆಲವರಿಗೆ ಪೂರ್ತಿ ಮರಳುವುದೇ ಇಲ್ಲ.

ಮಗಳಿಗೆ ಮೂರು ವರ್ಷ ತುಂಬಿದ ಮೇಲೆ ನನ್ನ ಹೆಂಡತಿಗೆ ಇನ್ನೊಂದು ಮಗು ಬೇಕಿತ್ತು. ಆಗಲಿಲ್ಲ. 2019ರಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ಸೋಲಾಪುರಕ್ಕೆ ಹೋಗಿ ಪರೀಕ್ಷೆ ಮಾಡಿಸಿದೆ. ಸೊನ್ನೆ. ಒಂದೂ ಇಲ್ಲ. ವಾಪಸ್ ಬರುವಾಗ ಧೂಳಖೇಡದ ಹತ್ತಿರ ಭೀಮಾ ಸೇತುವೆ ಮೇಲೆ ಗಾಡಿ ನಿಲ್ಲಿಸಿ ಆ ಕಾಗದ ಹರಿದು ಹೊಳೆಗೆ ಬಿಟ್ಟೆ. ಮನೆಗೆ ಬಂದು "ನಂದೆಲ್ಲ ಸರಿ ಐತಿ" ಅಂದೆ.

ಆಮೇಲೆ ಎರಡು ವರ್ಷ ಅವಳು ಮಾತ್ರೆ ನುಂಗಿದಳು. ಗರ್ಭನಾಳಕ್ಕೆ ಔಷಧ ಬಿಟ್ಟು ಎಕ್ಸ್‌ರೇ ತೆಗೆಯುವ ಪರೀಕ್ಷೆ ಮಾಡಿಸಿಕೊಂಡಳು, ಬಹಳ ನೋವಾಯಿತು ಅಂತ ಅತ್ತಳು. ಸೋಮವಾರ ಉಪವಾಸ ಹಿಡಿದಳು. ಯಲ್ಲಮ್ಮನ ಗುಡ್ಡಕ್ಕೆ ಹರಕೆ ಹೊತ್ತಳು. ನಮ್ಮ ಅವ್ವ ಬಂದವರ ಮುಂದೆ ಅವಳ ಬಗ್ಗೆ ಏನೇನೋ ಆಡಿದಳು. ನಾನು ಅದೇ ಪಡಸಾಲೆಯಲ್ಲಿ ಕೂತಿರುತ್ತಿದ್ದೆ.

2021ರಲ್ಲಿ ಸುಸ್ತು, ನಿದ್ದೆ ಇಲ್ಲ, ಯಾವುದೂ ಬೇಡ ಅನಿಸುತ್ತಿತ್ತು. ಬೆಳಗಿನ ಹೊತ್ತು ಎರಡು ಸಲ ರಕ್ತ ನೋಡಿದರು. ಟೆಸ್ಟೋಸ್ಟೆರಾನ್ 110. ಡಾಕ್ಟರು ಎರಡು ಪ್ರಶ್ನೆ ಕೇಳಿದರು. ಜಿಮ್ಮಿನಲ್ಲಿ ಏನಾದರೂ ತಗೊಂಡಿದ್ದೀರಾ? ಇಲ್ಲ, ಪ್ರೋಟೀನ್ ಅಷ್ಟೇ ಅಂದೆ. ಮಕ್ಕಳು ಬೇಕು ಅನ್ನುವವರಿಗೆ ಈ ಚಿಕಿತ್ಸೆ ಕೊಡುವುದಿಲ್ಲ, ಅದಕ್ಕೆ ಬೇರೆ ದಾರಿ ಇದೆ. ನಿಮಗೆ ಇನ್ನು ಮಕ್ಕಳು ಬೇಕಾ?

ಬ್ಯಾಡ್ರಿ ಅಂದೆ. ಅವತ್ತು ಸೋಮವಾರ. ಮನೆಯಲ್ಲಿ ಅವಳು ಉಪವಾಸ ಇದ್ದಳು.

ಎಕೋ ಆದ ಮೂರನೇ ದಿನ ಅವಳಿಗೆ ಎಲ್ಲ ಹೇಳಿದೆ. ಕೂಗುತ್ತಾಳೆ ಅಂದುಕೊಂಡಿದ್ದೆ. "ಶೀಶೆ ಎಲ್ಲಿ ಇಡತಿದ್ರಿ?" ಅಂತ ಮಾತ್ರ ಕೇಳಿದಳು. ಅಟ್ಟದ ಮೇಲಿನ ಟ್ರಂಕಿನಲ್ಲಿ, ಮಗಳ ತೊಟ್ಟಿಲ ಬಟ್ಟೆಗಳ ಕೆಳಗೆ. ಅವಳು ಹತ್ತಿ ಹೋಗಿ ಶೀಶೆ ಅಲ್ಲೇ ಬಿಟ್ಟು ಆ ಬಟ್ಟೆಗಳನ್ನು ಮಾತ್ರ ತಂದಳು. ಎಲ್ಲವನ್ನೂ ಒಗೆದು ಹಾಕಿದಳು. ಶೀಶೆಗಳನ್ನು ನಾನೇ ತೆಗೆದುಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಟ್ಟೆ. ಈಗ ಮಗಳ ಕೋಣೆಯಲ್ಲಿ ಮಲಗುತ್ತಾಳೆ. ಬೇಕಾದಷ್ಟೇ ಮಾತಾಡುತ್ತಾಳೆ. ಈ ಪತ್ರ ಅವಳಿಗೆ ಓದಿ ಹೇಳಿದ ಮೇಲೇ ಹಾಕುತ್ತಿದ್ದೇನೆ. "ಅತ್ತಿಯವರ ಮಾತು ತೆಗೀಬ್ಯಾಡ್ರಿ, ಇರಲಿ" ಅಂದಳು. ಇಟ್ಟಿದ್ದೇನೆ.

ಸಾಕು, ಬೇರೆ ಸುದ್ದಿ ಹೇಳುತ್ತೇನೆ. ಒಂದು ಬಾಟಲಿ ರಕ್ತ ತೆಗೆದರು, ಹಿಮಟೋಕ್ರಿಟ್ 52ಕ್ಕೆ ಇಳಿದಿದೆ. ಹೃದಯಕ್ಕೆ ಮಾತ್ರೆ ಶುರುವಾಗಿದೆ. ಇನ್ನು ಕೆಲವು ವಾರದಲ್ಲಿ ಸಣ್ಣ ಡೋಸಿನಲ್ಲಿ ಚಿಕಿತ್ಸೆ ಮತ್ತೆ ಕೊಡುತ್ತಾರಂತೆ, ಅದೂ ಆಸ್ಪತ್ರೆಗೇ ಹೋಗಿ ಹಾಕಿಸಿಕೊಳ್ಳಬೇಕು. ಮೈ ಇಳಿದಿದೆ, ಹಳೇ ಅಂಗಿಗಳೆಲ್ಲ ಹಿಡಿಸುತ್ತಿವೆ. ನಿನ್ನ ಮದುವೆಯ ನೀಲಿ ಅಂಗಿ ಕೂಡ!

ಬೆಳಿಗ್ಗೆ ಗೋಳಗುಮ್ಮಟದ ತೋಟಕ್ಕೆ ನಡೆಯಲು ಹೋಗುತ್ತೇನೆ. ಅಲ್ಲಿಯವರೆಗೂ ಮಗಳು ಜೊತೆಗೆ ಬರುತ್ತಾಳೆ. ಅವಳು ಸೈಕಲ್ ಮೇಲೆ, ನಾನು ಹಿಂದೆ ನಡೆದುಕೊಂಡು. ಈಗ ನಮ್ಮ ಮನೆಯಲ್ಲಿ ಸೈಕಲ್ ಅಂದರೆ ಅವಳದೊಂದೇ.

ನನ್ನ ಹೆಂಡತಿ ಶೇಂಗಾ ಹೋಳಿಗೆ ಒಂದು ಡಬ್ಬಿ ನಿನಗೆ ಎತ್ತಿಟ್ಟಿದ್ದಾಳೆ, ಬಂದು ತಗೊಂಡು ಹೋಗು. ಬರುವ ಮೊದಲು ರಕ್ತ, ಕೊಬ್ಬು, ಬೆಳಗಿನ ಟೆಸ್ಟೋಸ್ಟೆರಾನ್ ನೋಡಿಸು, ಒಂದು ಎಕೋ ಮಾಡಿಸು. ನೀನು ತಗೊಂಡದ್ದು ಆರೇ ತಿಂಗಳು ಇರಬಹುದು, ಆದರೆ ಚುಚ್ಚಿದವನು ನಾನು. ರಿಪೋರ್ಟಿನ ಫೋಟೋ ಕಳಿಸು. ಆಮ್ಯಾಲ ಅನ್ನಬೇಡ.

ನಿನ್ನ,
ರೂಮ್ ನಂಬರ್ ಒಂಬತ್ತರ ದೊಡ್ಡಪ್ಪ