ಕಣ್ಣಿಗೆ ಪೆಟ್ಟು ಬಿದ್ದಾಗ ಏನು ನೋಡಬೇಕು: ಪಾಲಕರಿಗೊಂದು ಪತ್ರ

ನಮ್ಮ ಶಾಲೆಯ ಎಲ್ಲ ಪಾಲಕರಿಗೆ ನಮಸ್ಕಾರ.

ಬೇಸಿಗೆ ರಜೆ ಬಂತು. ಇನ್ನು ಮಕ್ಕಳು ಓಣಿಯಲ್ಲಿ, ಗುಡಿ ಮುಂದೆ, ಖಾಲಿ ಹೊಲದಲ್ಲಿ ಚಿಣ್ಣಿದಾಂಡು, ಗೋಟಿ, ಕ್ರಿಕೆಟ್ ಅಂತ ಹೊತ್ತು ಮುಳುಗುವವರೆಗೂ ಆಡುತ್ತಾರೆ. ಆಡಲಿ. ಆದರೆ ಆಟದಲ್ಲಿ ಕಣ್ಣಿಗೆ ಪೆಟ್ಟು ಬಿದ್ದರೆ ಏನು ನೋಡಬೇಕು ಅನ್ನೋದು ಮನೆಯವರಿಗೆ ಗೊತ್ತಿರಬೇಕು. ಈ ವರ್ಷ ನಮ್ಮ ಶಾಲೆಯಲ್ಲೇ ನಾವು ಒಂದು ತಪ್ಪು ಮಾಡಿದೆವು. ಅದನ್ನು ಮೊದಲು ಹೇಳುತ್ತೇನೆ. ಆ ಹುಡುಗನ ತಾಯಿಯನ್ನು ಕೇಳಿಯೇ ಬರೆಯುತ್ತಿದ್ದೇನೆ.

ಕಬಡ್ಡಿ ಆಡುವಾಗ ಆರನೇ ತರಗತಿಯ ಹುಡುಗನ ಕಣ್ಣಿನ ಹತ್ತಿರ ಇನ್ನೊಬ್ಬನ ಮೊಣಕೈ ಬಡಿಯಿತು. ರಕ್ತ ಇಲ್ಲ, ಕಣ್ಣು ಕೆಂಪಾಗಿಲ್ಲ, ಬಾವು ಅಂತೂ ಇಲ್ಲವೇ ಇಲ್ಲ ಅನ್ನಬೇಕು. ಸ್ವಲ್ಪ ಹೊತ್ತಿಗೆ ಎರಡು ಸಲ ವಾಂತಿ ಮಾಡಿಕೊಂಡ. ಬಿಸಿಲಿಗೆ ಪಿತ್ತ ಆಗಿರಬೇಕು ಅಂದುಕೊಂಡು ಲಿಂಬೆ ಶರಬತ್ತು ಕುಡಿಸಿ ಮನೆಗೆ ಕಳಿಸಿದೆವು. ಅವತ್ತು ರಾತ್ರಿ ಅವನು ಮಲಗಿ ಫ್ಯಾನ್ ನೋಡುತ್ತಿದ್ದಾಗ ತಾಯಿ ಪಕ್ಕದಲ್ಲಿ ಕೂತಿದ್ದರು. ಒಂದು ಕಣ್ಣಿನ ಕಪ್ಪುಗುಡ್ಡೆ ಮೇಲೆ ಹೋಯಿತು. ಇನ್ನೊಂದು ಇದ್ದಲ್ಲೇ ನಿಂತಿತ್ತು. "ಅವ್ವಾ, ಎರಡು ಫ್ಯಾನ್ ಕಾಣ್ತಾವ" ಅಂದನಂತೆ. ಆ ತಾಯಿ ಬೆಳಗಾಗುವುದನ್ನೇ ಕಾದು ಅವನನ್ನು ಕಲಬುರಗಿಗೆ ಕರೆದುಕೊಂಡು ಹೋದರು. ಕಣ್ಣಿನ ಕೆಳಗಿನ ತೆಳು ಎಲುಬು ಒಡೆದು, ಕಣ್ಣು ಹೊರಳಿಸುವ ಸ್ನಾಯು ಆ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅವತ್ತೇ ಆಪರೇಷನ್ ಆಯಿತು. ಈಗ ಎರಡೂ ಕಣ್ಣು ಸಮವಾಗಿ ಮೇಲೇಳುತ್ತವೆ.

ಮಕ್ಕಳ ಎಲುಬು ಹಸಿ ಕಟ್ಟಿಗೆ ಇದ್ದಂತೆ. ಬಾಗಿ, ಬಿರಿದು, ಮತ್ತೆ ಮುಚ್ಚಿಕೊಳ್ಳುತ್ತದೆ. ಮುಚ್ಚುವಾಗ ಒಳಗಿನದನ್ನು ಕಚ್ಚಿ ಹಿಡಿಯುತ್ತದೆ. ವಾಂತಿ ಬರುವುದು ಅದರಿಂದಲೇ. ಒಂದೆರಡು ದಿನದೊಳಗೆ ಬಿಡಿಸದಿದ್ದರೆ ಸ್ನಾಯು ಕೆಡುತ್ತದೆ. ಹಾಗಾಗಿ ಕಣ್ಣಿಗೆ ಪೆಟ್ಟು ಬಿದ್ದ ಮಗು ವಾಂತಿ ಮಾಡಿದರೆ, ಕಣ್ಣು ಎಷ್ಟೇ ಬೆಳ್ಳಗಿರಲಿ, ಕಾಯಬೇಡಿ. ತಲೆಗೆ ಪೆಟ್ಟಾಗಿದ್ದರೂ ವಾಂತಿ ಬರುತ್ತದೆ, ಎರಡಕ್ಕೂ ಆಸ್ಪತ್ರೆಗೇ ಹೋಗಬೇಕು. ಕೆನ್ನೆ, ಮೇಲಿನ ಹಲ್ಲು ಜೋಮು ಹಿಡಿದಂತಿದೆ ಅಂದರೂ ಅಷ್ಟೇ. ಅಂಥ ಮಗು ಮೂಗು ಸೀಟಬಾರದು, ಗಾಳಿ ಕಣ್ಣಿನ ಸುತ್ತ ಸೇರುತ್ತದೆ.

ಇದೇ ವರ್ಷ ಇನ್ನೊಬ್ಬ ಹುಡುಗಿಗೆ ಚೆಂಡು ಬಡಿದು ಕಣ್ಣಿನ ಬಿಳಿಭಾಗ ಕುಂಕುಮ ಚೆಲ್ಲಿದಂತೆ ಕೆಂಪಾಗಿತ್ತು. ನಾವೆಲ್ಲ ಹೆದರಿಬಿಟ್ಟೆವು. ಡಾಕ್ಟರು ನೋಡಿ, ಮೇಲಿನ ಪೊರೆಯ ಕೆಳಗೆ ರಕ್ತ ನಿಂತಿದೆ ಅಷ್ಟೇ ಅಂದರು. ಎರಡು ವಾರದಲ್ಲಿ ತಾನಾಗಿ ಹೋಯಿತು. ಕೆಂಪು ನೋಡಿ ಪೆಟ್ಟು ಅಳೆಯಲು ಆಗುವುದಿಲ್ಲ ಅಂತ ಆಗ ಗೊತ್ತಾಯಿತು.

ಬಿಳಿಭಾಗಕ್ಕಿಂತ ಕಪ್ಪುಗುಡ್ಡೆಯನ್ನು ಜಾಸ್ತಿ ಗಮನಿಸಿ. ಮಗುವನ್ನು ನೆಟ್ಟಗೆ ಕೂರಿಸಿ ಬೆಳಕಿನಲ್ಲಿ ನೋಡಿ. ಕಪ್ಪುಗುಡ್ಡೆಯ ತಳದಲ್ಲಿ, ಲೋಟದಲ್ಲಿ ಗಸಿ ಇಳಿದಂತೆ, ಸಣ್ಣ ಕೆಂಪು ಗೆರೆ ಕಾಣುತ್ತದೆಯಾ? ಹಾಗಿದ್ದರೆ ಕಣ್ಣಿನ ಒಳಗೆ ರಕ್ತ ಬಂದಿದೆ. ಮಲಗಿದಾಗ ಅದು ಹರಡಿಕೊಂಡು ಗೆರೆಯಾಗಿ ಕಾಣುವುದಿಲ್ಲ, ಅದಕ್ಕೇ ಕೂರಿಸಿ ಅಂದೆ. ಇಂಥ ಕಣ್ಣಿನಲ್ಲಿ ಐದು ದಿನದೊಳಗೆ ಮತ್ತೆ ರಕ್ತ ಬರುವ ಭಯ ಇರುತ್ತದೆ. ಡಾಕ್ಟರು ಹೇಳುವವರೆಗೆ ಓಟ, ಆಟ ಬೇಡ. ಎರಡು ದಿಂಬು ಇಟ್ಟು ತಲೆ ಎತ್ತರದಲ್ಲಿರುವಂತೆ ಮಲಗಿಸಿ.

ಕಣ್ಣಿನ ಪಾಪೆ, ಅಂದರೆ ಕಪ್ಪುಗುಡ್ಡೆಯ ನಡುವಿನ ಕರಿ ಬೊಟ್ಟು, ಎರಡೂ ಕಡೆ ದುಂಡಗೆ, ಒಂದೇ ಅಳತೆಯಲ್ಲಿ ಇದೆಯಾ ನೋಡಿ. ಪಾಪೆ ಹನಿಯ ಹಾಗೆ ಒಂದು ಕಡೆ ಎಳೆದಂತಿದ್ದರೆ ಗುಡ್ಡೆಯೇ ಹರಿದಿರಬಹುದು. ಆಗ ನೀರು ಹಾಕಬೇಡಿ, ಮುಟ್ಟಬೇಡಿ, ಏನೂ ತಿನ್ನಿಸಬೇಡಿ, ಆಪರೇಷನ್ ಬೇಕಾಗಬಹುದು. ಚಹಾದ ಪೇಪರ್ ಕಪ್ಪನ್ನು ಕಣ್ಣಿನ ಮೇಲೆ ಬೋರಲು ಇಟ್ಟು ಮೆಲ್ಲಗೆ ಪಟ್ಟಿ ಹಾಕಿ. ಕಪ್ಪಿನ ಅಂಚು ಸುತ್ತಲಿನ ಎಲುಬಿನ ಮೇಲೆ ಕೂರಬೇಕು, ಗುಡ್ಡೆಗೆ ತಾಗಬಾರದು.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಗೋಡೆಯ ಕ್ಯಾಲೆಂಡರಿನ ತಾರೀಖು ಓದಿಸಿ. ಆಮೇಲೆ ಇನ್ನೊಂದು ಕಣ್ಣು. ಒಂದರಲ್ಲಿ ನೋಟ ಹೋದರೂ ಇನ್ನೊಂದರಲ್ಲಿ ಕಾಣುತ್ತಲ್ಲ, ಮಗುವಿಗೆ ಅದು ತಿಳಿಯುವುದೇ ಇಲ್ಲ. ಮಂಜು ಮಂಜು, ಮಿಂಚು ಹೊಡೆದಂತೆ, ಕರಿ ನೊಣ ಹಾರಿದಂತೆ, ಪರದೆ ಇಳಿದಂತೆ ಅಂದರೆ ಕಣ್ಣಿನೊಳಗೆ ಹಿಂದುಗಡೆ ಇರುವ, ನೋಟ ಹಿಡಿಯುವ ಪದರ ರೆಟಿನಾಗೆ ಪೆಟ್ಟಾಗಿರಬಹುದು. ಇದು ವಾರ, ತಿಂಗಳು ಬಿಟ್ಟೂ ಶುರುವಾಗುತ್ತದೆ.

ತಾಯಂದಿರಿಗೆ, ಆಯಿಗಳಿಗೆ ಒಂದು ವಿನಂತಿ. ಸೆರಗಿಗೆ ಉಸಿರು ಊದಿ ಕಣ್ಣಿಗೆ ಒತ್ತುವುದು ನಮ್ಮೆಲ್ಲರ ರೂಢಿ. ನನ್ನ ಅವ್ವನೂ ಹಾಗೇ ಮಾಡುತ್ತಿದ್ದಳು, ಅದರ ಬಿಸುಪು ಇನ್ನೂ ನೆನಪಿದೆ. ಆದರೆ ಪೆಟ್ಟು ಬಿದ್ದ ಕಣ್ಣನ್ನು ಒತ್ತಬೇಡಿ. ಹರಳೆಣ್ಣೆ, ಎದೆಹಾಲು, ಮನೆಯಲ್ಲಿ ಉಳಿದ ಹಳೆಯ ಡ್ರಾಪ್ಸ್ ಯಾವುದೂ ಬೇಡ. ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್ ತಂದು ಕೊಡಬೇಡಿ, ರಕ್ತ ಜಾಸ್ತಿ ಆಗಬಹುದು.

ಚಿಣ್ಣಿ, ಗೋಟಿ, ಸಣ್ಣ ರಬ್ಬರ್ ಚೆಂಡಿನ ಬಗ್ಗೆ ಜಾಸ್ತಿ ಹುಷಾರಾಗಿರಿ. ಕಣ್ಣಿನ ಗೂಡಿನ ಬಾಯಿ ಸುಮಾರು 4 ಸೆಂಟಿಮೀಟರ್ ಅಗಲ. ದೊಡ್ಡ ಚೆಂಡು ಬಂದರೆ ಸುತ್ತಲಿನ ಎಲುಬು ಸ್ವಲ್ಪ ತಡೆಯುತ್ತದೆ. ಸಣ್ಣದು ನೇರ ಗುಡ್ಡೆಗೇ ಬಡಿಯುತ್ತದೆ. ಚಿಣ್ಣಿ ಹೊಡೆಯುವಾಗ ಎದುರಿಗೆ ಯಾರೂ ಬಗ್ಗಿ ನಿಲ್ಲದಂತೆ ಹೇಳಿ.

ದಯವಿಟ್ಟು ಪೆಟ್ಟು ಮಾಡಿಕೊಂಡು ಬಂದ ಮಗುವಿಗೆ ಬೈಯಬೇಡಿ, ಹೊಡೆಯಬೇಡಿ. ಹೊಡೆತದ ಹೆದರಿಕೆಗೆ ಮಕ್ಕಳು "ಏನಿಲ್ಲ, ಸುಮ್ನೆ ಬಿದ್ದೆ" ಅಂತ ಮುಚ್ಚಿಡುತ್ತಾರೆ. ಒಂದು ದಿನ ಹಾಗೇ ಹೋಗುತ್ತದೆ. ಕಣ್ಣಿನ ವಿಷಯದಲ್ಲಿ ಆ ಒಂದು ದಿನ ದೊಡ್ಡದು. ವಾಸಿಯಾದ ಮೇಲೂ ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ ತೋರಿಸಿ. ಪೆಟ್ಟು ತಿಂದ ಕಣ್ಣಿಗೆ ಎಷ್ಟೋ ವರ್ಷದ ನಂತರವೂ ಗ್ಲಾಕೋಮಾ, ಅಂದರೆ ಒಳಗಿನ ಒತ್ತಡ ಏರಿ ನೋಟ ಕೆಡುವ ರೋಗ, ಬರುವುದುಂಟು.

ಜೂನ್‌ನಿಂದ ಶಾಲೆಯಲ್ಲಿ ಯಾವ ಮಗುವಿಗೆ ಕಣ್ಣಿನ ಹತ್ತಿರ ಪೆಟ್ಟು ಬಿದ್ದರೂ ಆ ಗಳಿಗೆಯಲ್ಲೇ ನಿಮಗೆ ಫೋನ್ ಬರುತ್ತದೆ. ರಜೆಯಲ್ಲಿ ಏನಾದರೂ ಆದರೆ ಆಳಂದದ ಆಸ್ಪತ್ರೆಗೆ ಇಲ್ಲವೇ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ನನ್ನ ನಂಬರ್ ಮಗುವಿನ ಪ್ರಗತಿ ಪತ್ರದ ಹಿಂದೆ ಬರೆಸಿದ್ದೇನೆ. ರಾತ್ರಿಯಾದರೂ ಸಂಕೋಚ ಬೇಡ, ಫೋನ್ ಮಾಡಿ, ನಾನೂ ಜೊತೆಗೆ ಬರುತ್ತೇನೆ.

ಇಂತಿ ನಿಮ್ಮ,
ಮುಖ್ಯಗುರುಗಳು
ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, ಆಳಂದ ತಾಲೂಕು, ಕಲಬುರಗಿ ಜಿಲ್ಲೆ